ನೀರಿನ ಅಂಚೋ, ಎರಡನೇ ಸಾಲೋ?

ಪ್ರಶ್ನೆ: ಬೇಸಿಗೆ ರಜೆಗೆ 25 ಅಡಿಯ ಮೋಟರ್‌ಹೋಮ್ (ಆರ್‌ವಿ), ಅಂದರೆ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿ, ಬಾಡಿಗೆಗೆ ಹಿಡಿದಿದ್ದೇವೆ. ಆರ್‌ವಿ ನಮಗೆ ಇದೇ ಮೊದಲು. ನಾನು, ನನ್ನ ಗಂಡ, 9 ವರ್ಷದ ಮಗಳು, 4 ವರ್ಷದ ಮಗ, ಜೊತೆಗೆ ಮಂಡಿ ನೋವಿರುವ ಅತ್ತೆ. ದೊಡ್ಡ ಸರೋವರವೊಂದರ ದಡದಲ್ಲಿ 4 ರಾತ್ರಿ ಇರುತ್ತೇವೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಎರಡು ಜಾಗ ಖಾಲಿ ಇವೆ. ಒಂದು ನೀರಿನ ಅಂಚಿಗೇ ಇದೆ, ಆದರೆ ಕರೆಂಟೂ ಇಲ್ಲ, ನೀರಿನ ಕನೆಕ್ಷನ್ನೂ ಇಲ್ಲ. ಇನ್ನೊಂದು ಹಿಂದಿನ ಸಾಲಿನಲ್ಲಿ, ಮರಗಳ ನಡುವೆ. ಅಲ್ಲಿ 30 ಆಂಪ್ ಕರೆಂಟು, ನೀರು ಎರಡೂ ಇವೆ. ಮಕ್ಕಳಿಗೆ ಮೊದಲನೆಯದೇ ಬೇಕಂತೆ. ಯಾವುದನ್ನು ಹಿಡಿಯಲಿ? ಗಾಡಿಯ ಟಾಯ್ಲೆಟ್ ನೆನೆಸಿಕೊಂಡರೆ ಅತ್ತೆಗೂ ಭಯ, ನನಗೂ ಭಯ. ಮಕ್ಕಳನ್ನು ನೀರಿಗೆ ಬಿಡುವಾಗ ಏನೇನು ನೋಡಿಕೊಳ್ಳಬೇಕು?

ಉತ್ತರ: ಎರಡನೇ ಸಾಲಿನದ್ದನ್ನು ಹಿಡಿಯಿರಿ. ಮಕ್ಕಳು ಒಂದು ಸಂಜೆ ಮುಖ ಊದಿಸಿಕೊಂಡಿರುತ್ತಾರೆ, ಪರವಾಗಿಲ್ಲ.

ಅಂಚಿನ ಜಾಗ ಫೋಟೊದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಗಾಳಿ ಇಲ್ಲದ ಸಂಜೆ ನೋಡಿ ತೆಗೆದ ಫೋಟೊ ಅದು. ರಾತ್ರಿ 2 ಗಂಟೆಗೆ ಯಾರೂ ಫೋಟೊ ತೆಗೆಯುವುದಿಲ್ಲ, ಅಲ್ವಾ? ಮೊದಲ ವರ್ಷ ನಾನೂ ಹಠ ಹಿಡಿದು ಅಂಚಿನ ಜಾಗವನ್ನೇ ತೆಗೆದುಕೊಂಡಿದ್ದೆ. ಸಂಜೆ ನೀರು ಅಲುಗಾಡುತ್ತಿರಲಿಲ್ಲ. ಆನಿಂಗ್, ಅಂದರೆ ಗಾಡಿಯ ಬದಿಗೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರ, ಅದನ್ನು ಬಿಚ್ಚಿಟ್ಟೇ ಮಲಗಿದೆವು. ನಡುರಾತ್ರಿ ಗಾಡಿಯೇ ತೊಟ್ಟಿಲಿನ ಹಾಗೆ ತೂಗತೊಡಗಿತು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಆನಿಂಗ್ ತಿರುಚಿಕೊಂಡು ಗಾಡಿಯ ಚಾವಣಿಯ ಮೇಲೆ ಬಿದ್ದಿತ್ತು. ತಪ್ಪು ಪೂರಾ ನನ್ನದೇ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ: ಗಾಡಿ ಬಿಟ್ಟು ಹೊರಟರೆ ಆನಿಂಗ್ ಒಳಗೆ, ಮಲಗಲು ಹೋದರೆ ಆನಿಂಗ್ ಒಳಗೆ.

ದೊಡ್ಡ ನೀರಿನ ಮೇಲೆ ಗಾಳಿಗೆ ಮರ, ಗುಡ್ಡ, ಮನೆ ಯಾವ ಅಡ್ಡಿಯೂ ಇಲ್ಲ. ಎದುರು ದಡದಿಂದ ಹೊರಟದ್ದು ನೇರ ನಿಮ್ಮ ಗಾಡಿಗೇ ಬಂದು ಬಡಿಯುತ್ತದೆ. ಮಳೆ, ಗುಡುಗು ಇಲ್ಲದ ದಿನವೂ ಅಷ್ಟೇ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ಕಾಯುವುದಿಲ್ಲ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಾಗ ಆ ಜಾಗಕ್ಕೆ ನೀರಿನ ಕಡೆಯಿಂದ ತಂಪು ಗಾಳಿ ನುಗ್ಗುತ್ತದೆ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಅಂಚಿನಲ್ಲಿ ಪೇಪರ್ ಪ್ಲೇಟು ನಿಲ್ಲುವುದಿಲ್ಲ. ಎರಡು ಸಾಲು ಮರ ದಾಟಿ ಹಿಂದೆ ಬಂದರೆ ಅದೇ ಗಾಳಿ ಹಿತವಾಗಿರುತ್ತದೆ. ಆದರೆ ಜಾಗಕ್ಕೆ ಹೋದ ಕೂಡಲೇ ಒಮ್ಮೆ ತಲೆ ಎತ್ತಿ ನೋಡಿ. ಒಣಗಿದ ಕೊಂಬೆ ಚಾವಣಿಯ ಮೇಲೆ ತೂಗುತ್ತಿದ್ದರೆ ಆಫೀಸಿಗೆ ಹೋಗಿ ಬೇರೆ ಜಾಗ ಕೇಳಿ. ಅದಕ್ಕೆ ಸಂಕೋಚ ಬೇಡ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸರೋವರದ ನೀರು ಇದ್ದ ಮಟ್ಟದಲ್ಲೇ ಇರುತ್ತದೆ ಅಂದುಕೊಂಡಿರುತ್ತೇವೆ. ಹಾಗಿಲ್ಲ. ತಟ್ಟೆಯಲ್ಲಿ ನೀರು ತುಂಬಿ ಒಂದು ಕಡೆ ಎತ್ತಿದರೆ ಹೇಗೆ ಆ ಕಡೆಯಿಂದ ಈ ಕಡೆಗೆ ಓಲಾಡುತ್ತದೋ, ಜೋರು ಗಾಳಿಗೆ ಸರೋವರವೂ ಹಾಗೇ ಓಲಾಡುತ್ತದೆ. ಇದನ್ನು ಸೇಶ್ ಅಂತ ಕರೆಯುತ್ತಾರೆ. ಉತ್ತರ ಅಮೆರಿಕದ ಈರಿ ಸರೋವರ ಉದ್ದಕ್ಕೆ ಚಾಚಿಕೊಂಡಿದೆ, ಆಳವೂ ಕಡಿಮೆ. ನೈಋತ್ಯದ ಬಿರುಗಾಳಿ ಬೀಸಿದಾಗ ಪೂರ್ವ ತುದಿಯ ಬಫಲೊ ಕಡೆಯ ದಡದಲ್ಲಿ ನೀರು 2 ಮೀಟರ್‌ವರೆಗೂ ಏರಿದ್ದಿದೆ. ಅದೇ ಹೊತ್ತಿಗೆ ಪಶ್ಚಿಮ ತುದಿಯ ಟೊಲಿಡೊ ಕಡೆ ದಡದ ಕೆಸರು ಕಾಣುವಷ್ಟು ಇಳಿದಿರುತ್ತದೆ. 1954ರ ಜೂನ್ 26ರಂದು ಮಿಷಿಗನ್ ಸರೋವರದಲ್ಲಿ ಇನ್ನೂ ವಿಚಿತ್ರ ನಡೆಯಿತು. ಬಿರುಗಾಳಿಯ ಸಾಲೊಂದು ಸರೋವರ ದಾಟಿ ಹೋಗಿತ್ತು. ಅದು ಎಬ್ಬಿಸಿದ ಅಲೆ ಆಚೆ ದಡಕ್ಕೆ ಬಡಿದು ಶಿಕಾಗೊಗೆ ವಾಪಸ್ ಬಂತು. ಗಾಳಿ ಹೋಯಿತಲ್ಲ ಅಂತ ಕಟ್ಟೆಯ ಮೇಲೆ ಮೀನು ಹಿಡಿಯುತ್ತಾ ನಿಂತಿದ್ದವರನ್ನು ಎಳೆದುಕೊಂಡು ಹೋಯಿತು. 8 ಜನ ಸತ್ತರು. ಇಂಥದ್ದು ದಿನವೂ ಆಗುವುದಿಲ್ಲ, ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಆದರೆ ಬಿರುಗಾಳಿ ದಾಟಿದ ತಕ್ಷಣ ಮಕ್ಕಳನ್ನು ಕರೆದುಕೊಂಡು ಕಟ್ಟೆಯ ತುದಿಗೆ ಅಲೆ ನೋಡಲು ಹೋಗಬೇಡಿ.

ಇಷ್ಟು ಹೇಳಿದರೂ ನನ್ನ ಮುಖ್ಯ ಕಾರಣ ಗಾಳಿಯಲ್ಲ. ನಿಮ್ಮ 4 ವರ್ಷದ ಮಗ. ಆ ವಯಸ್ಸಿನ ಮಗುವಿಗೆ ಆರ್‌ವಿ ಬಾಗಿಲು ತೆಗೆಯುವುದು ಒಂದು ದಿನದ ಕಲಿಕೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವವನೂ ಅವನೇ. ಅಂಚಿನ ಜಾಗದಲ್ಲಿ ಬಾಗಿಲಿನಿಂದ ನೀರಿಗೆ ಇಪ್ಪತ್ತು ಹೆಜ್ಜೆ. ಅಂಥ ಕಡೆ ನೀವು ಅಡುಗೆ ಮಾಡುತ್ತಿದ್ದರೂ, ತಿನ್ನುತ್ತಿದ್ದರೂ, ಮಲಗಿದ್ದರೂ ಒಂದು ಕಣ್ಣು ನೀರಿನ ಕಡೆಗೇ ಇರಬೇಕು. ನಾಲ್ಕು ದಿನ ಹಾಗೆ ಇದ್ದರೆ ಅದು ರಜೆಯಲ್ಲ, ಡ್ಯೂಟಿ. ಹಿಂದಿನ ಸಾಲಿನಲ್ಲಿದ್ದರೆ ನೀರಿಗೆ ಹೋಗುವುದು ಎಲ್ಲರೂ ಸೇರಿ ಹೊರಡುವ ಕೆಲಸವಾಗುತ್ತದೆ. ಅದೇ ಬೇಕಾದದ್ದು. ಹಿಂದಿನ ಸಾಲಿನಲ್ಲಿದ್ದರೂ ಬಾಗಿಲಿನ ಹಿಡಿಗೆ ಒಂದು ಗೆಜ್ಜೆ ಕಟ್ಟಿ. ತೆಗೆದರೆ ಸದ್ದಾಗಬೇಕು, ಅಷ್ಟೇ.

ಎರಡನೇ ಸಾಲಿಗೂ ಒಂದು ಕೆಟ್ಟ ಗುಣವಿದೆ, ಮುಚ್ಚಿಡುವುದಿಲ್ಲ. ಸೊಳ್ಳೆ ಜಾಸ್ತಿ. ಅಂಚಿನಲ್ಲಿ ಗಾಳಿಗೆ ಸೊಳ್ಳೆ ನಿಲ್ಲುವುದಿಲ್ಲ, ಮರದ ನೆರಳಿನಲ್ಲಿ ಹಾಯಾಗಿರುತ್ತದೆ. ಕತ್ತಲಾಗುವ ಮೊದಲೇ ಉದ್ದ ತೋಳಿನ ಬಟ್ಟೆ ಹಾಕಿಸಿ. ಸೊಳ್ಳೆ ಓಡಿಸುವ ಡೀಟ್ ಅಥವಾ ಪಿಕಾರಿಡಿನ್ ಇರುವ ಕ್ರೀಮು ನಿಮ್ಮ ಕೈಗೆ ಹಾಕಿಕೊಂಡು ಮಗುವಿಗೆ ಸವರಿ. ಮಗುವಿನ ಅಂಗೈಗೆ ಹಚ್ಚಬೇಡಿ, ಅದು ನೇರ ಬಾಯಿಗೆ ಹೋಗುತ್ತದೆ. ಡೀಟ್ ತಾಗಿದರೆ ಕೆಲವು ಪ್ಲಾಸ್ಟಿಕ್ ಕರಗುತ್ತದೆ, ಕನ್ನಡಕ ಮತ್ತು ವಾಚು ದೂರ ಇಡಿ. ಹೊರಗೆ ಕೂರುವ ಕಡೆ ಒಂದು ಟೇಬಲ್ ಫ್ಯಾನ್ ಇಟ್ಟರೆ ಅರ್ಧ ಸೊಳ್ಳೆ ಹತ್ತಿರ ಬರುವುದಿಲ್ಲ. ಕರೆಂಟಿರುವ ಜಾಗ ಹಿಡಿದದ್ದಕ್ಕೆ ಸಿಗುವ ಮೊದಲ ಲಾಭ ಇದು. ಹುಲ್ಲಿನಲ್ಲಿ ಓಡಾಡಿ ಬಂದ ಮಕ್ಕಳ ಮಂಡಿಯ ಹಿಂದೆ, ಕಿವಿಯ ಹಿಂದೆ, ಕೂದಲಿನೊಳಗೆ ಉಣ್ಣಿ ಕಚ್ಚಿಕೊಂಡಿದೆಯಾ ಅಂತ ರಾತ್ರಿ ಒಮ್ಮೆ ನೋಡಿ.

ಈಗ ಕರೆಂಟಿನ ಲೆಕ್ಕ. 30 ಆಂಪ್ ಕನೆಕ್ಷನ್ ಅಂದರೆ 120 ವೋಲ್ಟ್‌ನಲ್ಲಿ 3600 ವಾಟ್. ಚಾವಣಿಯ ಎಸಿ ಓಡುವಾಗ ಸುಮಾರು 1500 ತಿನ್ನುತ್ತದೆ. ಮೈಕ್ರೊವೇವ್ ಸುಮಾರು 1500. ನೀರು ಕಾಯಿಸುವ ಕೆಟಲ್ಲೂ 1500. ಮೂರನ್ನೂ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಆಗ ಯಾರೋ ಒಬ್ಬರು ಟಾರ್ಚ್ ಹಿಡಿದು ಕಂಬದ ಹತ್ತಿರ ಹೋಗಬೇಕು, ಅದೂ ಮಳೆ ಬರುವಾಗಲೇ. ಎರಡು ಸಾಕು ಅಂತ ನೆನಪಿಟ್ಟುಕೊಳ್ಳಿ. ಕೇಬಲ್ ಚುಚ್ಚುವ ಮೊದಲು ಕಂಬದ ಬ್ರೇಕರ್ ಆಫ್ ಮಾಡಿ, ಚುಚ್ಚಿದ ಮೇಲೆ ಆನ್ ಮಾಡಿ. ಬಾಡಿಗೆ ಕೊಡುವವರ ಹತ್ತಿರ ಸರ್ಜ್ ಪ್ರೊಟೆಕ್ಟರ್ (ಕರೆಂಟು ದಿಢೀರನೆ ಏರಿದರೆ ಗಾಡಿಯನ್ನು ಕಾಯುವ ಸಾಧನ) ಇದ್ದರೆ ಕೇಳಿ ತೆಗೆದುಕೊಳ್ಳಿ. ಕರೆಂಟಿಲ್ಲದ ಜಾಗದಲ್ಲಾದರೆ ಬಾಡಿಗೆ ಗಾಡಿಯ ಬ್ಯಾಟರಿಯಲ್ಲಿ ಲೈಟು, ನೀರಿನ ಪಂಪು, ಹೀಟರಿನ ಫ್ಯಾನು ನಡೆಯುತ್ತವೆ. ಎಸಿಗೆ ಜನರೇಟರ್ ಬೇಕು. ಅದನ್ನು ರಾತ್ರಿ ಓಡಿಸಲು ಹೆಚ್ಚಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಬಿಡುವುದಿಲ್ಲ. ಬಿಡದಿರುವುದೇ ಸರಿ.

ನೀರಿನ ಲೆಕ್ಕ ಇದಕ್ಕಿಂತ ಸ್ವಾರಸ್ಯ. ಅಂಚಿನ ಜಾಗಕ್ಕೆ ಹೋಗಿದ್ದರೆ ಗಾಡಿಯ ಟ್ಯಾಂಕೇ ಗತಿ. ಈ ಅಳತೆಯ ಗಾಡಿಯಲ್ಲಿ 40 ಗ್ಯಾಲನ್ ಟ್ಯಾಂಕ್ ಇದೆ ಅಂತಿಟ್ಟುಕೊಳ್ಳಿ, ಸುಮಾರು 150 ಲೀಟರ್. 5 ಜನ, 4 ದಿನ. ತಲೆಗೆ ದಿನಕ್ಕೆ ಏಳೂವರೆ ಲೀಟರ್. ಕುಡಿಯಲು, ಪಾತ್ರೆಗೆ, ಟಾಯ್ಲೆಟ್ಟಿಗೆ, ಮೈಗೆ ಎಲ್ಲಕ್ಕೂ ಅಷ್ಟೇ. ಅಭ್ಯಾಸ ಇದ್ದವರಿಗೆ ಆಗುತ್ತದೆ, ಮೊದಲ ಸಲಕ್ಕೆ ಬೇಡ.

ಹಿಂದಿನ ಸಾಲಿನಲ್ಲಿ ನಲ್ಲಿ ಇದೆಯಲ್ಲ, ಎಷ್ಟು ಬೇಕಾದರೂ ಸುರಿಯಬಹುದು ಅಂದುಕೊಂಡಿರಾ? ಅಲ್ಲೇ ಎಲ್ಲರೂ ಎಡವುವುದು. ನಿಮ್ಮ ಪತ್ರದಲ್ಲಿ ಕರೆಂಟು ಮತ್ತು ನೀರು ಅಂತ ಇದೆ, ಚರಂಡಿ ಕನೆಕ್ಷನ್ ಅಂತ ಇಲ್ಲ. ಅಂದರೆ ಒಳಗೆ ಬರುವ ನೀರಿಗೆ ಮಿತಿ ಇಲ್ಲ, ಹೊರಗೆ ಹೋಗಲು ದಾರಿ ಇಲ್ಲ. ಗಾಡಿಯ ಕೆಳಗೆ ಎರಡು ಟ್ಯಾಂಕ್ ಇರುತ್ತವೆ. ಸಿಂಕ್, ಸ್ನಾನದ ನೀರು ಹೋಗುವುದು ಗ್ರೇ ಟ್ಯಾಂಕಿಗೆ. ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕಿಗೆ. ಷವರ್ ನಿಮಿಷಕ್ಕೆ 2 ಗ್ಯಾಲನ್ ಬಿಟ್ಟರೆ 10 ನಿಮಿಷದ ಒಂದು ಸ್ನಾನಕ್ಕೆ 75 ಲೀಟರ್. ಇಬ್ಬರು ಆರಾಮಾಗಿ ಸ್ನಾನ ಮಾಡಿದರೆ ಗ್ರೇ ಟ್ಯಾಂಕ್ ತುಂಬಿ, ಮೂರನೆಯವರ ಕಾಲ ಬುಡದಲ್ಲಿ ಕೊಳೆ ನೀರು ಮೇಲೆ ಬರುತ್ತದೆ. ಸ್ನಾನಕ್ಕೆ ಕ್ಯಾಂಪ್‌ಗ್ರೌಂಡಿನ ಸ್ನಾನದ ಮನೆಗೇ ಹೋಗಿ. ಗಾಡಿಯ ಷವರ್ ಅತ್ತೆಗೆ ಮತ್ತು ಮಣ್ಣಾದ ಕಾಲುಗಳಿಗೆ ಇರಲಿ. ಗ್ರೇ ನೀರು ತಾನೇ ಅಂತ ರಾತ್ರಿ ಮರದ ಬುಡಕ್ಕೆ ಬಿಡುವವರಿದ್ದಾರೆ. ಅದರಲ್ಲಿ ಎಣ್ಣೆ, ಸೋಪು, ಅನ್ನದ ಅಗುಳು ಎಲ್ಲ ಇರುತ್ತದೆ. ಒಂದು ಮಳೆಗೆ ಅದು ನಿಮ್ಮ ಮಕ್ಕಳು ಆಡುವ ನೀರಿಗೇ ಹೋಗುತ್ತದೆ.

ನಲ್ಲಿಗೆ ಪೈಪ್ ಹಾಕುವಾಗ ಪ್ರೆಷರ್ ರೆಗ್ಯುಲೇಟರ್ ಹಾಕಿ. ಕ್ಯಾಂಪ್‌ಗ್ರೌಂಡಿನ ನೀರು ಕೆಲವೊಮ್ಮೆ ಗಾಡಿಯ ಸಣ್ಣ ಪೈಪುಗಳು ತಾಳದಷ್ಟು ಜೋರಾಗಿ ಬರುತ್ತದೆ. ಕುಡಿಯುವ ನೀರಿನ ಪೈಪು ಬೇರೆ, ಟ್ಯಾಂಕ್ ತೊಳೆಯುವ ಪೈಪು ಬೇರೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಸುತ್ತಿಡಬೇಡಿ.

ಇನ್ನು ಅತ್ತೆಯ ಭಯಕ್ಕೆ ಬರೋಣ. ಆರ್‌ವಿ ಟಾಯ್ಲೆಟ್ ವಾಸನೆ ಬರುವುದು ಕೊಳಕಿಗಿಂತ ಹೆಚ್ಚಾಗಿ ಜಿಪುಣತನಕ್ಕೆ. ನೀರು ಉಳಿಸಲು ಹೋಗಿ ಕಡಿಮೆ ಸುರಿದರೆ ಗಟ್ಟಿಯಾದದ್ದು ಟ್ಯಾಂಕಿನ ತಳದಲ್ಲಿ ಗುಡ್ಡೆಯಾಗಿ ಕೂರುತ್ತದೆ. ಪೆಡಲ್ ಒತ್ತುವ ಮೊದಲು ಬೋಗುಣಿ ಅರ್ಧ ತುಂಬಿಸಿ, ಆಮೇಲೆ ಬಿಡಿ. ಹೊರಡುವ ಮೊದಲೇ ಬ್ಲ್ಯಾಕ್ ಟ್ಯಾಂಕಿಗೆ ನಾಲ್ಕೈದು ಲೀಟರ್ ನೀರು ಮತ್ತು ಅದಕ್ಕೆಂದೇ ಸಿಗುವ ಔಷಧಿ ಹಾಕಿಡಿ. ಬೇಗ ಕರಗುವ ಪೇಪರ್ ಮಾತ್ರ ಬಳಸಿ. ಒದ್ದೆ ವೈಪ್ಸ್ ಪ್ಯಾಕಿನ ಮೇಲೆ ಏನೇ ಬರೆದಿರಲಿ, ಕಸದ ಬುಟ್ಟಿಗೇ ಹೋಗಬೇಕು. ಮತ್ತೆ ಒಂದು ಗುಟ್ಟು: ಫ್ಲಶ್ ಮಾಡುವಾಗ ಚಾವಣಿಯ ಫ್ಯಾನ್ ಆಫ್ ಇರಲಿ. ವಾಸನೆ ಹೋಗಲಿ ಅಂತ ಫ್ಯಾನ್ ಹಾಕುತ್ತೇವೆ. ಆದರೆ ಮುಚ್ಚಿದ ಗಾಡಿಯಲ್ಲಿ ಫ್ಯಾನ್ ಗಾಳಿ ಎಳೆದುಕೊಳ್ಳುವುದು ತೆರೆದಿರುವ ಕಡೆಯಿಂದ. ಆ ಕ್ಷಣಕ್ಕೆ ತೆರೆದಿರುವುದು ಟ್ಯಾಂಕಿನ ಬಾಯಿ! ಮುಚ್ಚಿದ ಮೇಲೆ ಫ್ಯಾನ್ ಹಾಕಿ.

ಟ್ಯಾಂಕ್ ಖಾಲಿ ಮಾಡುವುದು ಡಂಪ್ ಸ್ಟೇಷನ್ನಿನಲ್ಲಿ, ಅಂದರೆ ಕೊಳೆ ನೀರು ಸುರಿಯಲೆಂದೇ ಇರುವ ಜಾಗದಲ್ಲಿ, ಐದು ಜನಕ್ಕೆ ನಾಲ್ಕು ದಿನದಲ್ಲಿ ಬಹುಶಃ ಎರಡು ಸಲ. ಕೈಗವಸು ಹಾಕಿಕೊಳ್ಳಿ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಹಿಂದಿನಿಂದ ಬರುವ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಬ್ಲ್ಯಾಕ್ ಟ್ಯಾಂಕ್ ಮೂರರಲ್ಲಿ ಎರಡು ಪಾಲಾದರೂ ತುಂಬಿರಬೇಕು, ಆಗಲೇ ನೀರಿನ ರಭಸಕ್ಕೆ ಎಲ್ಲ ಹೋಗುತ್ತದೆ. ಒಳಗಿನ ಮೀಟರ್ ಟ್ಯಾಂಕ್ ತುಂಬಿದೆ ಅಂತ ತೋರಿಸಿದರೆ ನಂಬಲೂಬೇಡಿ, ಬಿಡಲೂಬೇಡಿ. ಸೆನ್ಸರಿಗೆ ಒಂದು ಪೇಪರ್ ಚೂರು ಅಂಟಿಕೊಂಡರೆ ಖಾಲಿ ಟ್ಯಾಂಕೂ ತುಂಬಿದ ಹಾಗೆ ತೋರಿಸುತ್ತದೆ. ಇಡೀ ಕೆಲಸ ಹದಿನೈದು ನಿಮಿಷ. ನಿಮ್ಮ ಮನೆಯವರಿಗೆ ಒಪ್ಪಿಸಿಬಿಡಿ, ಅತ್ತೆ ಹೇಳಿದರೆ ಇಲ್ಲ ಅನ್ನುವುದಿಲ್ಲ.

ಅತ್ತೆಗೆ ಬೇಕಾದದ್ದು ಇನ್ನೂ ಎರಡಿದೆ. ಗಾಡಿಯ ಮೆಟ್ಟಿಲು ನೆಲದಿಂದ ಎತ್ತರ ಇರುತ್ತದೆ. ಅಗಲವಾದ, ಜಾರದ ಒಂದು ಸ್ಟೂಲ್ ಕೆಳಗಿಡಿ. ಮೇಲಿನ ಅಟ್ಟದ ಹಾಸಿಗೆ ಮಗಳಿಗೆ, ತಡೆಬಲೆ ಕಟ್ಟಿ. ಹಿಂದಿನ ಹಾಸಿಗೆ ಅತ್ತೆಗೆ, ಟಾಯ್ಲೆಟ್ ಅಲ್ಲಿಂದ ಹತ್ತಿರ. ಚಿಕ್ಕವನನ್ನು ಮೇಲೆ ಮಲಗಿಸಬೇಡಿ.

ರಸ್ತೆಯ ಮೇಲೆ ಗಾಡಿ ಮನೆಯಲ್ಲ, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಓಡುವಾಗ ಯಾರೂ ಎದ್ದು ಓಡಾಡುವ ಹಾಗಿಲ್ಲ, ಫ್ರಿಜ್ ತೆಗೆಯುವ ಹಾಗಿಲ್ಲ. ಮಗನ ಕಾರ್ ಸೀಟು ಮುಂದಕ್ಕೆ ಮುಖ ಮಾಡಿದ, ಸರಿಯಾದ ಬೆಲ್ಟ್ ಇರುವ ಸೀಟಿಗೇ ಕಟ್ಟಬೇಕು. ಊಟದ ಟೇಬಲ್ಲಿನ ಪಕ್ಕದ ಬೆಂಚು ಅಡ್ಡಕ್ಕೋ ಹಿಂದಕ್ಕೋ ಮುಖ ಮಾಡಿದ್ದರೆ ಅದಕ್ಕೆ ಆಗುವುದಿಲ್ಲ. ಗಾಡಿಯಲ್ಲಿ ಅಂಥ ಸೀಟು ಎಲ್ಲಿದೆ ಅಂತ ಬಾಡಿಗೆ ಕೊಡುವವರನ್ನು ಈಗಲೇ ಕೇಳಿ. ಹೋಗಿ ನಿಂತಾಗ ಕೇಳಿದರೆ ತಡವಾಗುತ್ತದೆ. ಗಾಡಿಯ ಎತ್ತರ ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ. ತಿರುಗಿಸುವಾಗ ಹಿಂಭಾಗ ಆಚೆ ಕಡೆಗೆ ಬೀಸುತ್ತದೆ, ಪೆಟ್ರೋಲ್ ಬಂಕಿನ ಕಂಬಗಳಿಗೆ ಬಾಡಿಗೆ ಆರ್‌ವಿಗಳ ಬಣ್ಣ ಹತ್ತಿರುವುದು ಹಾಗೆಯೇ.

ಬೆಳಕಿರುವಾಗಲೇ ತಲುಪಿ. ಮೊದಲು ಎಡ-ಬಲ ಮಟ್ಟ ಮಾಡಿ, ಆಮೇಲೆ ಹಿಂದು-ಮುಂದು, ಆಮೇಲೆ ಚಕ್ರಕ್ಕೆ ಅಡ್ಡಗಟ್ಟೆ. ಗ್ಯಾಸಿನಿಂದ ನಡೆಯುವ ಹಳೇ ಬಗೆಯ ಫ್ರಿಜ್ ಆಗಿದ್ದರೆ ಗಾಡಿ ವಾಲಿದ್ದಾಗ ಸರಿಯಾಗಿ ತಣ್ಣಗಾಗುವುದಿಲ್ಲ, ಕೆಡಲೂಬಹುದು. ಅಂಥ ಫ್ರಿಜ್ ತಣಿಯಲು ಗಂಟೆಗಟ್ಟಲೆ ಬೇಕು. ಗಾಡಿ ಕೊಡುವ ಮೊದಲೇ ಆನ್ ಮಾಡಿಡಲು ಹೇಳಿ. ಚಳಿ ಅಂತ ಒಲೆ ಹಚ್ಚಿಟ್ಟು ಗಾಡಿ ಬೆಚ್ಚಗೆ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲ ದಿನವೇ ಅದರ ಅಲಾರಂ ಬಟನ್ ಒತ್ತಿ ಕೂಗುತ್ತದೆಯಾ ನೋಡಿ. ಅಡುಗೆ ಮಾಡುವಾಗ ಕಿಟಕಿ ಸ್ವಲ್ಪ ತೆರೆದಿರಲಿ. ರಾತ್ರಿಯೂ ಚಾವಣಿಯ ಕಿಂಡಿ ಒಂದು ಬೆರಳಷ್ಟು ತೆರೆದಿಡಿ, ಐದು ಜನರ ಉಸಿರಿಗೆ ಬೆಳಗ್ಗೆ ಗಾಜೆಲ್ಲ ನೀರಿಳಿಯುತ್ತಿರುತ್ತದೆ.

ಈಗ ಸರೋವರಕ್ಕೆ. ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಮೊದಲನೆಯದು.

ಮುಳುಗುವ ಮಗು ಕೂಗುತ್ತದೆ, ಕೈ ಬೀಸುತ್ತದೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಾಗುವುದಿಲ್ಲ. ಅಮೆರಿಕದ ಫ್ರಾಂಕ್ ಪಿಯಾ ಅನ್ನುವ ಲೈಫ್‌ಗಾರ್ಡ್ ಇದನ್ನು ವರ್ಷಗಟ್ಟಲೆ ಗಮನಿಸಿ ವಿವರಿಸಿದರು. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತಿರುತ್ತದೆ, ಸಿಕ್ಕ ಕ್ಷಣದಲ್ಲಿ ಉಸಿರೆಳೆಯಬೇಕು, ಕೂಗಲು ಪುರುಸೊತ್ತಿಲ್ಲ. ಕೈಗಳು ತಾವಾಗಿಯೇ ಬದಿಗೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬೀಸಲಾಗುವುದಿಲ್ಲ. ದೂರದಿಂದ ನೋಡಿದರೆ ಮಗು ನೀರಿನಲ್ಲಿ ನೆಟ್ಟಗೆ ನಿಂತು ಆಡುತ್ತಿರುವ ಹಾಗೇ ಕಾಣುತ್ತದೆ. ಈ ಹೊತ್ತು 20ರಿಂದ 60 ಸೆಕೆಂಡು, ಅಷ್ಟೇ. ಫೋನಿನಲ್ಲಿ ಒಂದು ಮೆಸೇಜ್ ಓದುವಷ್ಟು ಹೊತ್ತು.

ಅದಕ್ಕೇ ಸರದಿ ಹಾಕಿಕೊಳ್ಳಿ. ಹದಿನೈದು ನಿಮಿಷ ನೀವು, ಹದಿನೈದು ನಿಮಿಷ ಅವರು. ಸರದಿ ಇರುವವರು ಫೋನ್ ಇನ್ನೊಬ್ಬರ ಕೈಗೆ ಕೊಟ್ಟು ನೀರಿಗಿಳಿಯಬೇಕು, ದಡದ ಕುರ್ಚಿಯಲ್ಲಿ ಕೂತು ನೋಡುವುದಲ್ಲ. ಚಿಕ್ಕವನು ಕೈಗೆ ಸಿಗುವಷ್ಟು ಹತ್ತಿರ ಇರಬೇಕು. ಇಬ್ಬರೂ ನೋಡುತ್ತಿದ್ದೇವೆ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಲೆಕ್ಕ. ತೂಕಕ್ಕೆ ಸರಿಯಾದ, ಕಾಲ ನಡುವೆ ಪಟ್ಟಿ ಇರುವ, ಕತ್ತಿನ ಹಿಂದೆ ಆಸರೆ ಇರುವ ಲೈಫ್ ಜಾಕೆಟ್ ತನ್ನಿ. ತೋಳಿಗೆ ಕಟ್ಟುವ ಗಾಳಿ ಚೀಲ ಆಟಿಕೆ ಮಾತ್ರ, ಅದನ್ನು ನಂಬಬೇಡಿ. ಕಟ್ಟೆಯ ಮೇಲೆ ನಡೆಯುವಾಗಲೂ ಅವನಿಗೆ ಜಾಕೆಟ್ ಇರಲಿ.

ಮಗಳಿಗೆ ಈಜು ಬಂದರೂ ಅದು ಈಜುಕೊಳದ ಈಜು. ಸರೋವರದಲ್ಲಿ ಹಿಡಿಯಲು ಗೋಡೆಯಿಲ್ಲ, ತಳ ಕಾಣುವುದಿಲ್ಲ, ಸೊಂಟದಷ್ಟಿದ್ದ ನೀರು ಎರಡು ಹೆಜ್ಜೆಯಲ್ಲಿ ತಲೆ ಮೇಲಾಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಕೆಲವು ಮೀಟರ್ ಮಾತ್ರ ಬೆಚ್ಚಗಾಗಿ ಅಡಿಯ ತಣ್ಣನೆ ನೀರಿನ ಮೇಲೆ ತೇಲುತ್ತಿರುತ್ತದೆ. ದಡದಿಂದ ಒಳಕ್ಕೆ ಗಾಳಿ ಬೀಸಿದರೆ ಆ ಬೆಚ್ಚನೆ ಪದರವನ್ನೇ ತಳ್ಳಿಕೊಂಡು ಹೋಗುತ್ತದೆ, ಅಡಿಯ ನೀರು ದಡಕ್ಕೆ ಏರಿ ಬರುತ್ತದೆ. ಮಿಷಿಗನ್ ಸರೋವರದಲ್ಲಿ ಒಂದೇ ರಾತ್ರಿಗೆ ನೀರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಾಗುವುದು ಹೊಸದಲ್ಲ. ನಿನ್ನೆ ಮೂರು ಗಂಟೆ ಆಡಿದ ನೀರು ಇವತ್ತು ಬೇರೆಯೇ ನೀರು. ಒಂದು ಥರ್ಮಾಮೀಟರ್ ದಾರಕ್ಕೆ ಕಟ್ಟಿ ದಿನವೂ ಬಿಟ್ಟು ನೋಡಿ, ಮಗಳಿಗೇ ಆ ಕೆಲಸ ಕೊಡಿ. 15 ಡಿಗ್ರಿ ನೀರಿಗೆ ದಿಢೀರನೆ ಬಿದ್ದರೆ ದೊಡ್ಡವರೂ ತಮಗೆ ಗೊತ್ತಿಲ್ಲದೆ ಜೋರಾಗಿ ಉಸಿರೆಳೆದುಕೊಳ್ಳುತ್ತಾರೆ. ಆಗ ತಲೆ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರೇ. ಧುಮುಕುವುದು ಬೇಡ, ನಡೆದುಕೊಂಡು ಇಳಿಯಲಿ.

ಅದೇ ಗಾಳಿಗೆ ಇನ್ನೊಂದು ಮೋಸವಿದೆ. ದಡದಿಂದ ಒಳಕ್ಕೆ ಬೀಸುವಾಗ ದಡದ ಹತ್ತಿರ ಅಲೆಯೇ ಇರುವುದಿಲ್ಲ, ನೀರು ಮಟ್ಟಸವಾಗಿ ಕರೆಯುತ್ತದೆ. ಅವತ್ತೇ ಗಾಳಿ ತುಂಬಿದ ಬಾತುಕೋಳಿ, ಟ್ಯೂಬು, ಚಾಪೆ ಅಪಾಯ. ಮೇಲೆ ಕೂತ ಮಗುವಿನ ಸಮೇತ ಅದು ಹಾಯಿದೋಣಿಯ ಹಾಗೆ ಒಳಕ್ಕೆ ಹೋಗುತ್ತದೆ, ನೀವು ಈಜುವುದಕ್ಕಿಂತ ವೇಗವಾಗಿ. ಧ್ವಜವೋ ಕ್ಯಾಂಪ್‌ಫೈರಿನ ಹೊಗೆಯೋ ನೀರಿನ ಕಡೆ ವಾಲಿದ್ದರೆ ಅವನ್ನು ಗಾಡಿಯಲ್ಲೇ ಬಿಡಿ. ಚೆಂಡು ತೇಲಿ ಹೋದರೆ ಹೋಗಲಿ, ಹಿಂದೆ ಹೋಗಬಾರದು ಅಂತ ಮೊದಲೇ ಮಕ್ಕಳಿಗೆ ಹೇಳಿಡಿ. ಅಲೆ ಜೋರಿರುವ ದಿನ ಕಲ್ಲಿನ ಕಟ್ಟೆಗಳ ಪಕ್ಕದಲ್ಲಿ ಇಳಿಯಬೇಡಿ, ಕಟ್ಟೆಯುದ್ದಕ್ಕೂ ನೀರು ಒಳಕ್ಕೆ ಎಳೆಯುತ್ತದೆ. ಗುಡುಗು ಕೇಳಿದರೆ ಎಲ್ಲರೂ ಹೊರಗೆ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ನೀರು ಹಸಿರು ಪೇಂಟ್ ಚೆಲ್ಲಿದ ಹಾಗೆ ಕಂಡರೆ ಕಾಲನ್ನೂ ಇಡಬೇಡಿ. ಗೊಬ್ಬರದ ರಂಜಕ ಸೇರಿದ, ಬೆಚ್ಚಗಿನ, ನಿಂತ ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿ ಅದು, ಕೆಲವೊಮ್ಮೆ ವಿಷ ಬಿಡುತ್ತದೆ. 2014ರ ಆಗಸ್ಟ್‌ನಲ್ಲಿ ಈರಿ ದಡದ ಟೊಲಿಡೊ ನಗರದ ಜನ ಇದರಿಂದಾಗಿ ಕೆಲವು ದಿನ ನಲ್ಲಿ ನೀರು ಕುಡಿಯುವ ಹಾಗಿರಲಿಲ್ಲ. ಕುದಿಸಿದರೆ ಸರಿಹೋಗುತ್ತದೆ ಅನ್ನುವುದು ನಮ್ಮ ಅಭ್ಯಾಸ. ಈ ವಿಷ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಪಾಚಿ ಇಲ್ಲದ ಕಡೆಯೂ ಬಸವನಹುಳು ಜಾಸ್ತಿ ಇರುವ ತೆಳು ನೀರಿನಲ್ಲಿ ಆಡಿದರೆ ಮೈ ತುರಿಸಬಹುದು. ಹೊರಗೆ ಬಂದ ಕೂಡಲೇ ಟವೆಲ್ಲಿನಿಂದ ಚೆನ್ನಾಗಿ ಒರೆಸಿದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಸೌದೆ ಮನೆಯಿಂದ ಒಯ್ಯಬೇಡಿ. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಮೊದಲು ಸಿಕ್ಕ ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ದುಂಬಿ ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿದೆ. ಅದು ತಾನಾಗಿ ಹಾರಿದ್ದು ಸ್ವಲ್ಪ ದೂರ, ಕ್ಯಾಂಪಿಂಗಿಗೆ ಹೋಗುವವರ ಸೌದೆಯೊಳಗೆ ಕೂತು ಹೋದದ್ದೇ ಬಹಳ ದೂರ. ಉರಿಸುವ ಕಡೆಯೇ ಕೊಂಡುಕೊಳ್ಳಿ. ಮಲಗುವ ಮೊದಲು ಬೆಂಕಿಗೆ ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ. ಬೂದಿಯ ಹತ್ತಿರ ಅಂಗೈ ಹಿಡಿದಾಗ ಬಿಸಿ ತಾಗಬಾರದು. ಕಯಾಕ್, ಬಕೆಟ್, ಮಕ್ಕಳ ಆಟಿಕೆ ಯಾವುದಾದರೂ ಇನ್ನೊಂದು ಸರೋವರಕ್ಕೆ ಹೋಗುವುದಿದ್ದರೆ ತೊಳೆದು, ನೀರು ಬಸಿದು, ಒಣಗಿಸಿ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಕಂಡ ಜೀಬ್ರಾ ಚಿಪ್ಪು ಅನ್ನುವ, ಹೊರಗಿನಿಂದ ಬಂದ ಸಣ್ಣ ಜಲಜೀವಿ ಊರೂರು ಸುತ್ತಿದ್ದು ಇಂಥ ಒದ್ದೆ ಸಾಮಾನುಗಳ ಜೊತೆಗೇ.

ಮಕ್ಕಳನ್ನು ಸಮಾಧಾನ ಮಾಡಲು ಒಂದು ದಾರಿ ಇದೆ. ಸೂರ್ಯ ಹುಟ್ಟುವ ಹೊತ್ತಿಗೆ ಗಾಳಿ ಸಾಮಾನ್ಯವಾಗಿ ಬಿದ್ದಿರುತ್ತದೆ. ಮಡಚುವ ಕುರ್ಚಿ ಹೊತ್ತು, ಫ್ಲಾಸ್ಕಿನಲ್ಲಿ ಬಿಸಿಯಾಗಿ ಏನಾದರೂ ತುಂಬಿಕೊಂಡು ಎಲ್ಲರೂ ನೀರಿನ ಅಂಚಿಗೆ ಹೋಗಿ. ಆ ಒಂದು ಗಂಟೆ ಅಂಚು ನಿಮ್ಮದೇ. ಅತ್ತೆಗೆ ಗಟ್ಟಿ ಕೈಯಿರುವ, ಎತ್ತರದ ಕುರ್ಚಿ ಹಾಕಿ. ತಗ್ಗು ಕುರ್ಚಿಯಿಂದ ಮಂಡಿ ನೋವಿನವರು ಏಳುವುದು ಕಷ್ಟ.

ವಾಪಸ್ ಹೊರಡುವ ಬೆಳಗ್ಗೆ ಅತ್ತೆಗೇ ಒಂದು ಕೆಲಸ ಕೊಡಿ. ಗಾಡಿ ಹೊರಡಿಸುವ ಮೊದಲು ಅವರು ಸೀಟಿನಲ್ಲಿ ಕೂತು ಕೆಲಸಗಳ ಚೀಟಿ ಓದಬೇಕು, ನಿಮ್ಮವರು ಹೊರಗೆ ಒಂದು ಸುತ್ತು ಬಂದು ಉತ್ತರ ಕೊಡಬೇಕು. ಆನಿಂಗ್ ಒಳಗೆ ಹೋಯ್ತಾ? ಕೇಬಲ್ ಬಿಚ್ಚಿದಿಯಾ? ನೀರಿನ ಪೈಪು? ಗ್ಯಾಸ್ ಬಂದ್ ಆಗಿದೆಯಾ? ಚಕ್ರದ ಕಟ್ಟೆ ತೆಗೆದೆಯಾ? ಚಾವಣಿಯ ಕಿಂಡಿ ಮುಚ್ಚಿದೆಯಾ? ಮೆಟ್ಟಿಲು? ಮೆಟ್ಟಿಲಿನ ಕೆಳಗಿಟ್ಟ ಸ್ಟೂಲನ್ನು ನಾನು ಎರಡು ಸಲ ಬಿಟ್ಟು ಬಂದಿದ್ದೇನೆ. ಅದನ್ನೂ ಚೀಟಿಗೆ ಸೇರಿಸಿಕೊಳ್ಳಿ.